ವಿಮಾನ ಮಾರಿದಿರಿ, ಸಾಲದ ಲೆಕ್ಕ ಯಾವಾಗ ಕೊಡುತ್ತೀರಿ?

ಕೇಂದ್ರ ಹಣಕಾಸು ಸಚಿವರಾದ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ ಮೇಡಂ.

ನೀವು ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು. ಆ ಸಲಿಗೆಯಲ್ಲೇ ತುಮಕೂರಿನಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನೊಬ್ಬ ನಿವೃತ್ತ ಬ್ಯಾಂಕ್ ನೌಕರ. ಸರ್ವೀಸಿನ ಬಹುಪಾಲು ಕಳೆದದ್ದು ಸಾಲದ ವಿಭಾಗದಲ್ಲಿ. ಹಾಗಾಗಿ ಸಾಲದ ಮಾತು ಬಂದರೆ ಸುಮ್ನೆ ಕೂರೋದು ನನಗೆ ಕಷ್ಟ.

ವಿಷಯ ಏರ್ ಇಂಡಿಯಾ. ಅದು ಹಳೇ ಕಥೆ, 2022ರ ಜನವರಿ 27ಕ್ಕೇ ಟಾಟಾದವರಿಗೆ ವಹಿಸಿಕೊಟ್ಟು ಮುಗಿದಿದೆ ಅಂತ ನಿಮ್ಮ ಇಲಾಖೆಯವರು ಹೇಳಬಹುದು. ವಹಿಸಿಕೊಟ್ಟಿದ್ದು ವಿಮಾನಗಳನ್ನು. ಸಾಲದ ದೊಡ್ಡ ಗಂಟು ನಮ್ಮ ಹತ್ತಿರವೇ ಉಳಿಯಿತು. ಅದು ಹೇಗೆ ಬೆಳೆಯಿತು, ಯಾರ ಯಾರ ಸಹಿಯಿಂದ ಬೆಳೆಯಿತು ಅಂತ ಒಂದೇ ಕಡೆ, ಜನಸಾಮಾನ್ಯರಿಗೆ ಅರ್ಥವಾಗುವ ಹಾಗೆ ಯಾವ ಸರ್ಕಾರವೂ ಬರೆದು ಕೊಟ್ಟಿಲ್ಲ. ಆ ಲೆಕ್ಕ ಕೇಳೋದಕ್ಕೇ ಈ ಪತ್ರ.

ಮೊದಲು ಅಂಕಿಗಳನ್ನು ನೋಡೋಣ. ಇವು ನನ್ನವಲ್ಲ, ಸರ್ಕಾರವೇ ಹೇಳಿದವು. 2021ರ ಆಗಸ್ಟ್ ಕೊನೆಗೆ ಏರ್ ಇಂಡಿಯಾದ ಸಾಲ 61,562 ಕೋಟಿ ರೂಪಾಯಿ. ಅದೇ ವರ್ಷ ಅಕ್ಟೋಬರ್ 8ರಂದು ಟಾಟಾ ಗುಂಪಿನ ಟ್ಯಾಲೇಸ್ ಕಂಪನಿ 18,000 ಕೋಟಿಗೆ ಬಿಡ್ ಗೆದ್ದಿದೆ ಅಂತ ಪ್ರಕಟಿಸಿದಿರಿ. ಟಿವಿಯಲ್ಲಿ ಆ 18,000 ಕೋಟಿ ದೊಡ್ಡ ಅಕ್ಷರದಲ್ಲಿ ಬಂತು. ಆದರೆ ಅದರಲ್ಲಿ ಸರ್ಕಾರಕ್ಕೆ ಬರುವ ನಗದು 2,700 ಕೋಟಿ ಮಾತ್ರ. ಮಿಕ್ಕ 15,300 ಕೋಟಿ ಅಂದರೆ ಟಾಟಾದವರು ಹೊತ್ತುಕೊಂಡ ಹಳೇ ಸಾಲ. ಉಳಿದ 46,262 ಕೋಟಿ ಸಾಲವನ್ನು ಏರ್ ಇಂಡಿಯಾ ಅಸೆಟ್ಸ್ ಹೋಲ್ಡಿಂಗ್ ಅನ್ನೋ ಸರ್ಕಾರಿ ಕಂಪನಿಯ ಹೆಸರಿಗೆ ಬರೆದಿರಿ. 14,718 ಕೋಟಿ ಬೆಲೆಯ ಜಮೀನು, ಕಟ್ಟಡಗಳೂ ಅಲ್ಲಿಗೇ ಹೋದವು. ಆಮೇಲೆ ಡಿಸೆಂಬರಿನಲ್ಲಿ ಪೂರಕ ಬೇಡಿಕೆ ತಂದು, ಆ ಕಂಪನಿಗೆ ಹಾಕೋದಕ್ಕೆ 62,000 ಕೋಟಿಗೂ ಜಾಸ್ತಿ ಹಣವನ್ನು ಸಂಸತ್ತಿನಲ್ಲಿ ಕೇಳಿದಿರಿ.

ನಮ್ಮ ತಿಪಟೂರು ಕಡೆಯವರಿಗೆ ನಾನು ಇದನ್ನು ಹೀಗೆ ಹೇಳುತ್ತೇನೆ: ತೆಂಗಿನ ತೋಟ ಮಾರಿದೆವು. ತೋಟದ ಮೇಲಿದ್ದ ಸಾಲದಲ್ಲಿ ಕಾಲು ಭಾಗ ಕೊಂಡವರು ಹೊತ್ತರು. ಮುಕ್ಕಾಲು ನಮ್ಮ ಖಾತೆಯಲ್ಲೇ ನಿಂತಿತು.

ಮಾರಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ 20 ಕೋಟಿ ನಷ್ಟ ಆಗುತ್ತಿದೆ ಅಂತ ನಿಮ್ಮ ಅಧಿಕಾರಿಗಳೇ ಆಗ ಹೇಳಿದ್ದರು. 2018ರಲ್ಲಿ ಶೇಕಡ 76ರಷ್ಟು ಪಾಲು ಮಾರಾಟಕ್ಕಿಟ್ಟಾಗ ಒಬ್ಬರೂ ಬಿಡ್ ಹಾಕಲಿಲ್ಲ. ಅಂಥ ಕಂಪನಿಗೆ ಕೊನೆಗೂ ಒಬ್ಬ ಗಿರಾಕಿ ಸಿಕ್ಕಿದ್ದು ದೊಡ್ಡದೇ. ವಸೂಲಾಗದ ಸಾಲವನ್ನು ವರ್ಷಗಟ್ಟಲೆ ಎಳೆದರೆ ಏನಾಗುತ್ತದೆ ಅಂತ ಬ್ಯಾಂಕಿನವನಾಗಿ ನನಗೂ ಗೊತ್ತು. ಆದರೆ ಒಂದು ಸಾಲವನ್ನು ವಸೂಲಾಗದ ಪಟ್ಟಿಗೆ ಸೇರಿಸುವಾಗ ನಾವು ಫೈಲ್ ಮುಚ್ಚಿ ಮನೆಗೆ ಹೋಗುತ್ತಿರಲಿಲ್ಲ. ಮಂಜೂರು ಮಾಡಿದ್ದು ಯಾರು, ತಪಾಸಣೆ ಮಾಡಿದ್ದು ಯಾರು, ಎಲ್ಲಿ ಎಡವಿದರು ಅಂತ ಬರೆಯಬೇಕಿತ್ತು. ಅದಕ್ಕೆ ಸ್ಟಾಫ್ ಅಕೌಂಟಬಿಲಿಟಿ ರಿಪೋರ್ಟ್ ಅಂತಲೇ ಹೆಸರು. ಸಣ್ಣ ಟ್ರ್ಯಾಕ್ಟರ್ ಸಾಲ ಮುಳುಗಿದರೂ ಆ ರಿಪೋರ್ಟ್ ಬೇಕು. ಆಗ ಬೇರೆ ಊರಿಗೆ ವರ್ಗವಾಗಿ ಹೋದ ಮ್ಯಾನೇಜರಿಗೂ ಕಾಗದ ಹೋಗುತ್ತಿತ್ತು. ಏರ್ ಇಂಡಿಯಾಕ್ಕೆ ಅಂಥದ್ದು ಎಲ್ಲಿದೆ?

ಇನ್ನೊಂದು ಲೆಕ್ಕ ಮಾಡಿದ್ದೇನೆ. 2009–10ರಿಂದ ಮಾರಾಟದವರೆಗೆ ಸರ್ಕಾರ ಈ ಕಂಪನಿಗೆ ನಗದಾಗಿ ಕೊಟ್ಟದ್ದು 54,584 ಕೋಟಿ. ಸಾಲಕ್ಕೆ ನಿಂತ ಗ್ಯಾರಂಟಿ ಬೇರೆ, 55,692 ಕೋಟಿ. ಗ್ಯಾರಂಟಿಯನ್ನು ಸದ್ಯಕ್ಕೆ ಬಿಡೋಣ. ನಗದಿಗೆ ನಮ್ಮ ಪಾಲಿಗೆ ಬಂದ 46,262 ಕೋಟಿ ಸಾಲ ಸೇರಿಸಿ. ಅದರಲ್ಲಿ ಟಾಟಾದವರ 2,700 ಕೋಟಿ ಮತ್ತು ಜಮೀನು ಕಟ್ಟಡಗಳ ಬೆಲೆ ಕಳೆಯಿರಿ. ಉಳಿಯೋದು ಸುಮಾರು 83,000 ಕೋಟಿ. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಹತ್ತಿರ ಹತ್ತಿರ 600 ರೂಪಾಯಿ. ಐದು ಜನರ ಮನೆಗೆ 3,000. ಪಾವಗಡದಲ್ಲಿ ಕಡಲೆಕಾಯಿ ಬೆಳೆಯುವವನು ವಿಮಾನವನ್ನು ನೆಲದ ಮೇಲೆ ನಿಂತು ನೋಡಿದ್ದು ಬಿಟ್ಟರೆ ಹತ್ತಿಲ್ಲ. ಅವನೂ ಕೊಟ್ಟಿದ್ದಾನೆ. ಸೋಪು, ಡೀಸೆಲ್, ಬೀಡಿಯ ಮೇಲಿನ ತೆರಿಗೆಯಲ್ಲಿ ಕೊಟ್ಟಿದ್ದಾನೆ. ಅವನಿಗೆ ರಸೀದಿ ಬೇಡವಾ?

ಈ ವಿಷಯ ಮಾತಾಡುವಾಗ ಒಂದು ಸುಲಭದ ಮಾತು ಬರುತ್ತದೆ: “ಸರ್ಕಾರದ ಕೈಗೆ ಹೋದರೆ ಏನಾದರೂ ಉದ್ಧಾರ ಆಗುತ್ತಾ?” ನಮ್ಮ ಬಸ್ ಸ್ಟ್ಯಾಂಡಿನಿಂದ ಹಿಡಿದು ಟಿವಿ ಚರ್ಚೆಯವರೆಗೂ ಇದೇ. ನನಗೆ ಈ ಮಾತು ಒಪ್ಪಿಗೆ ಇಲ್ಲ. ಯಾಕೆ ಅಂದರೆ ಏರ್ ಇಂಡಿಯಾದ ಒಳ್ಳೇ ದಿನಗಳಲ್ಲಿ ಹೆಚ್ಚಿನವು ಸರ್ಕಾರದ ಕೈಯಲ್ಲಿದ್ದಾಗಿನವೇ.

ಶುರುವಾದದ್ದು ಟಾಟಾದವರಿಂದ, ಅದು ಎಲ್ಲರಿಗೂ ಗೊತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ಅನ್ನೋ ಪುಟ್ಟ ವಿಮಾನದಲ್ಲಿ ಟಪಾಲು ಹೇರಿಕೊಂಡು ಅಹಮದಾಬಾದ್ ಮೇಲೆ ಮುಂಬೈಗೆ ಬಂದರು. ಅಹಮದಾಬಾದಿನಲ್ಲಿ ಇಂಧನದ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವಂತೆ. ಅಷ್ಟು ಜನಕ್ಕೆ ಗೊತ್ತಿಲ್ಲದ ವಿಷಯ ಏನಂದರೆ ಆ ಟಪಾಲು ಮುಂಬೈಯಲ್ಲಿ ನಿಲ್ಲಲಿಲ್ಲ. ನೆವಿಲ್ ವಿನ್ಸೆಂಟ್ ಅನ್ನೋ ಪೈಲಟ್ ಅದನ್ನು ನಮ್ಮ ಬಳ್ಳಾರಿಗೆ ತಂದು, ಅಲ್ಲಿಂದ ಮದರಾಸಿಗೆ ಮುಟ್ಟಿಸಿದರು. ದೇಶದ ಮೊದಲ ವಿಮಾನ ಮಾರ್ಗಗಳ ಪಟ್ಟಿಯಲ್ಲಿ ಬೆಂಗಳೂರಿಗಿಂತ ಮುಂಚೆ ಬಳ್ಳಾರಿ ಇದೆ. ಬಳ್ಳಾರಿಯವರು ಇದನ್ನು ಯಾಕೆ ಜಾಸ್ತಿ ಹೇಳಿಕೊಳ್ಳೋದಿಲ್ಲವೋ!

1946ರಲ್ಲಿ ಟಾಟಾ ಏರ್‌ಲೈನ್ಸ್ ಹೆಸರು ಏರ್ ಇಂಡಿಯಾ ಆಯಿತು. ಮೀಸೆ, ಪೇಟ, ಬಾಗಿದ ಸೊಂಟದ ಮಹಾರಾಜ, ಅಂದರೆ ಕಂಪನಿಯ ಗುರುತಿನ ಗೊಂಬೆ, ಹುಟ್ಟಿದ್ದೂ ಅದೇ ವರ್ಷ. ಕಂಪನಿಯ ಬಾಬಿ ಕೂಕಾ ಅವರ ತಲೆ, ಚಿತ್ರಕಾರ ಉಮೇಶ್ ರಾವ್ ಅವರ ಕೈ. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಮುಂಬೈನಿಂದ ಲಂಡನ್ನಿಗೆ ಹಾರಿತು. 1953ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ಬಂತು, ವಿಮಾನಯಾನ ರಾಷ್ಟ್ರೀಕರಣವಾಯಿತು. ವಿದೇಶಕ್ಕೆ ಏರ್ ಇಂಡಿಯಾ, ದೇಶದ ಒಳಗೆ ಇಂಡಿಯನ್ ಏರ್‌ಲೈನ್ಸ್. ಜೆ.ಆರ್.ಡಿ.ಗೆ ರಾಷ್ಟ್ರೀಕರಣ ಇಷ್ಟವಿರಲಿಲ್ಲ. ಆದರೂ ಅಧ್ಯಕ್ಷರಾಗಿ 1978ರವರೆಗೆ ಇದ್ದರು. ಮಾಲೀಕ ಸರ್ಕಾರ, ನಡೆಸುವವರು ಕಸುಬು ಗೊತ್ತಿದ್ದವರು. ಆ 25 ವರ್ಷ ಏನಾಯಿತು ನೋಡಿ. 1960ರಲ್ಲಿ ಬೋಯಿಂಗ್ 707 ಬಂತು, ಅದೇ ವರ್ಷ ನ್ಯೂಯಾರ್ಕಿಗೆ ಸೇವೆ ಶುರು. 1962ಕ್ಕೆ ಪ್ರಪಂಚದಲ್ಲೇ ಮೊದಲ ಪೂರ್ತಿ ಜೆಟ್ ವಿಮಾನಗಳ ಕಂಪನಿ. 1971ರಲ್ಲಿ ಜಂಬೋ ಜೆಟ್. ಚಹಾ ಮತ್ತು ಕಾಫಿ ನೋಡೋಕ್ಕೆ ಒಂದೇ ಥರ ಇವೆ ಅಂತ ಅಧ್ಯಕ್ಷರೇ ಟಿಪ್ಪಣಿ ಬರೆದು ಕಳಿಸುವಷ್ಟು ಕಾಳಜಿ ಇತ್ತು. 1967ರಲ್ಲಿ ಸ್ಪೇನಿನ ಹೆಸರಾಂತ ಚಿತ್ರಕಾರ ಸಾಲ್ವಡಾರ್ ಡಾಲಿ ಅವರಿಂದ ಬೂದಿಬಟ್ಟಲು ವಿನ್ಯಾಸ ಮಾಡಿಸಿ, ಅವರು ಕೇಳಿದರು ಅಂತ ಬೆಂಗಳೂರಿನಿಂದ ಆನೆಮರಿಯನ್ನೇ ವಿಮಾನದಲ್ಲಿ ಕಳಿಸಿದ್ದರು. ಸರ್ಕಾರಿ ಕಂಪನಿಯೊಂದಕ್ಕೆ ಇಷ್ಟು ಠೀವಿ ಇತ್ತು ಅಂದರೆ ಈಗಿನ ಹುಡುಗರು ನಂಬೋದಿಲ್ಲ.

1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಜೆ.ಆರ್.ಡಿ.ಯನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಅವತ್ತೇ ಕಂಪನಿ ಬಿತ್ತು ಅಂತ ಹೇಳಿದರೆ ಅದು ಕಥೆ ಆಗುತ್ತದೆ, ಲೆಕ್ಕ ಆಗೋದಿಲ್ಲ. 1990ರಲ್ಲಿ ಇರಾಕ್ ಕುವೈತಿನ ಮೇಲೆ ನುಗ್ಗಿದಾಗ ಅಲ್ಲಿ ಸಿಕ್ಕಿಬಿದ್ದ 1 ಲಕ್ಷಕ್ಕೂ ಜಾಸ್ತಿ ನಮ್ಮ ಜನರನ್ನು ಜೋರ್ಡಾನಿನ ಅಮ್ಮಾನ್‌ನಿಂದ ಮನೆಗೆ ಕರೆತಂದದ್ದು ಇದೇ ಕಂಪನಿ. ಕೋವಿಡ್ ಕಾಲದಲ್ಲೂ ಮೊದಲು ಹಾರಿದ್ದು ಇವರದೇ ವಿಮಾನ. ಇಂಥ ಕೆಲಸದ ಖರ್ಚು ಬ್ಯಾಲೆನ್ಸ್ ಶೀಟಿನಲ್ಲಿ ನಷ್ಟ ಅಂತ ಕಾಣುತ್ತದೆ. ಅದು ನಷ್ಟ ಅಲ್ಲ ಅನ್ನೋದು ನನ್ನ ಮಾತು. ಆದರೆ ನಾನು ಕೇಳುತ್ತಿರುವ ಲೆಕ್ಕ ಆ ಖರ್ಚಿನದಲ್ಲ.

ನನ್ನ ಪ್ರಶ್ನೆ ಶುರುವಾಗೋದು 2004ರಿಂದ.

ಆ ವರ್ಷದ ಜನವರಿಯಲ್ಲಿ ಏರ್ ಇಂಡಿಯಾದ ಯೋಜನೆಯಲ್ಲಿ ಇದ್ದದ್ದು 28 ವಿಮಾನ. ಚುನಾವಣೆ ಆಗಿ ಸರ್ಕಾರ ಬದಲಾಯಿತು. ಮತ್ತೆ ಪರಿಶೀಲಿಸಿ ಅಂತ ಸಚಿವಾಲಯದಿಂದ ಸೂಚನೆ ಹೋಯಿತು. ಅದೇ ವರ್ಷ ನವೆಂಬರ್ ಹೊತ್ತಿಗೆ 28 ಇದ್ದದ್ದು 68 ಆಯಿತು. ಇಂಡಿಯನ್ ಏರ್‌ಲೈನ್ಸಿನ 43 ಏರ್‌ಬಸ್ ಸೇರಿ ಒಟ್ಟು 111 ವಿಮಾನ. 2005ರ ಕೊನೆಯಲ್ಲಿ, 2006ರ ಮೊದಲಲ್ಲಿ ಸಹಿ ಬಿದ್ದವು.

ಸಾಲದ ವಿಭಾಗದವನ ಕಣ್ಣಲ್ಲಿ ಇದನ್ನು ನೋಡಿ. ನಮ್ಮಲ್ಲಿ ಒಬ್ಬ ರೈತ ಬೋರ್‌ವೆಲ್ ಸಾಲಕ್ಕೆ ಬಂದರೆ ಪಹಣಿ ಕೇಳುತ್ತೇವೆ, ಇ.ಸಿ. (ಜಮೀನಿನ ಮೇಲಿನ ಋಣಭಾರದ ಪತ್ರ) ಕೇಳುತ್ತೇವೆ, ಬೇರೆ ಬ್ಯಾಂಕುಗಳಿಂದ ನೋ ಡ್ಯೂ ಕೇಳುತ್ತೇವೆ, ಜಾಮೀನುದಾರ ಬೇಕು ಅನ್ನುತ್ತೇವೆ. ಕೊನೆಗೆ, “ನಿನ್ನ ಕೈಯಿಂದ ಎಷ್ಟು ಹಾಕ್ತೀಯಪ್ಪ?” ಅಂತ ಕೇಳುತ್ತೇವೆ. ಅದು ಮಾರ್ಜಿನ್ ದುಡ್ಡು. ಸ್ವಂತ ದುಡ್ಡು ಸ್ವಲ್ಪವಾದರೂ ಇದ್ದರೆ ಸಾಲಗಾರನಿಗೆ ಜವಾಬ್ದಾರಿ ಇರುತ್ತದೆ ಅನ್ನೋದು ಬ್ಯಾಂಕಿನ ಹಳೇ ತಿಳಿವಳಿಕೆ. ಏರ್ ಇಂಡಿಯಾದ ಷೇರು ಬಂಡವಾಳ ಆಗ 200 ಕೋಟಿಯೂ ಇರಲಿಲ್ಲ. ಕೊಂಡ ವಿಮಾನಗಳ ಬೆಲೆ ಹತ್ತಾರು ಸಾವಿರ ಕೋಟಿ. ಹೆಚ್ಚು ಕಡಿಮೆ ಪೂರ್ತಿ ಸಾಲ, ಜಾಮೀನು ಭಾರತ ಸರ್ಕಾರ. ಮಾಲೀಕನೇ ಜಾಮೀನು ನಿಂತ ಮೇಲೆ ಕೊಡುವವರಿಗೆ ಏನು ಚಿಂತೆ? ಈ ಅರ್ಜಿ ಒಬ್ಬ ಖಾಸಗಿ ವ್ಯಕ್ತಿಯದ್ದಾಗಿದ್ದರೆ ನಮ್ಮ ಬ್ರಾಂಚಿನ ಅಟೆಂಡರ್ ಕೂಡ ವಾಪಸ್ ಕಳಿಸುತ್ತಿದ್ದ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. 2011ರ ಸೆಪ್ಟೆಂಬರಿನಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ತನ್ನ ವರದಿಯಲ್ಲಿ ಇದನ್ನೇ ಹೇಳಿತು. ಇಷ್ಟು ವಿಮಾನವನ್ನು ಸಾಲದ ಮೇಲೇ ಕೊಂಡದ್ದು ಮೊದಲ ದಿನದಿಂದಲೇ ಅನಾಹುತದ ದಾರಿ ಅಂತ. ಗಲ್ಫ್ ದೇಶಗಳ ವಿಮಾನ ಕಂಪನಿಗಳಿಗೆ ಇಲ್ಲಿಂದ ಜನರನ್ನು ಒಯ್ಯೋಕ್ಕೆ ಧಾರಾಳವಾಗಿ ಸೀಟು ಬಿಟ್ಟುಕೊಟ್ಟದ್ದನ್ನೂ ಅದು ಎತ್ತಿ ತೋರಿಸಿತು. ಒಂದು ಕಡೆ ನೂರಕ್ಕೂ ಜಾಸ್ತಿ ವಿಮಾನ ತರಿಸಿದಿರಿ. ಇನ್ನೊಂದು ಕಡೆ ಆ ವಿಮಾನ ತುಂಬಬೇಕಾದ ಜನ ದುಬೈ ಮೇಲೆ ಹೋಗೋದಕ್ಕೆ ದಾರಿ ಮಾಡಿಕೊಟ್ಟಿರಿ. ಎರಡೂ ಒಂದೇ ಸಚಿವಾಲಯದ ಕೆಲಸ. ಅಮೆರಿಕಕ್ಕೆ ನೇರ ಹಾರೋಕ್ಕೆ ಅಂತ ಕೊಂಡ ಎಂಟು ಬೋಯಿಂಗ್ 777-200ಎಲ್‌ಆರ್ ವಿಮಾನಗಳಲ್ಲಿ ಐದನ್ನು ಕೆಲವೇ ವರ್ಷದಲ್ಲಿ ಅಬುಧಾಬಿಯ ಎತಿಹಾದ್‌ಗೆ ಮಾರಬೇಕಾಯಿತು.

‘ಮಾಡಿದಿರಿ’ ಅಂದಾಗ ನಿಮ್ಮೊಬ್ಬರನ್ನೇ ಹೇಳುತ್ತಿಲ್ಲ ಮೇಡಂ. ಆಗ ಬೇರೆ ಸರ್ಕಾರ ಇತ್ತು. ಆದರೆ ಜನರಿಗೆ ಸರ್ಕಾರ ಅನ್ನೋದು ಒಂದೇ. ಪಕ್ಷ ಬದಲಾದರೆ ಸಾಲಪತ್ರದ ಮೇಲಿನ ಹೆಸರು ಬದಲಾಗೋದಿಲ್ಲ.

ಸಾಲದ ಮೇಲೆ ಬಂತು ವಿಲೀನ. 2007ರ ಆಗಸ್ಟಿನಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಎರಡನ್ನೂ ಸೇರಿಸಿದರು. ನಮ್ಮ ರಾಜ್ಯದವರಿಗೆ ವಿಲೀನ ಅಂದರೆ ಗೊತ್ತಿಲ್ಲದ್ದಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್, ನಾಲ್ಕೂ ಹೆಸರು ಕಣ್ಣೆದುರೇ ಹೋದವು. ಬೇಜಾರಾಯಿತು. ಆದರೂ ಆ ಬ್ಯಾಂಕುಗಳ ಕೆಲಸ ನಿಲ್ಲಲಿಲ್ಲ. ಅದಕ್ಕೊಂದು ಕಾರಣ ಇದೆ. ಸರ್ಕಾರಿ ಬ್ಯಾಂಕುಗಳ ಸಂಬಳದ ಸ್ಕೇಲ್ ಬಹಳ ಹಿಂದಿನಿಂದಲೂ ದ್ವಿಪಕ್ಷೀಯ ಒಪ್ಪಂದದಲ್ಲಿ ಒಂದೇ. ಕ್ಲರ್ಕ್ ಎಲ್ಲಿದ್ದರೂ ಕ್ಲರ್ಕೇ. ವಿಮಾನ ಕಂಪನಿಗಳಲ್ಲಿ ಹಾಗಿರಲಿಲ್ಲ. ಪೈಲಟ್ಟಿನ ಸಂಬಳ ಬೇರೆ, ಬಡ್ತಿ ಬೇರೆ, ಒಂದು ಕಡೆ ಹೆಚ್ಚಾಗಿ ಬೋಯಿಂಗ್, ಇನ್ನೊಂದು ಕಡೆ ಏರ್‌ಬಸ್. ಇದನ್ನೆಲ್ಲ ಮೊದಲು ಸರಿ ಮಾಡಿ ಆಮೇಲೆ ಸೇರಿಸಬೇಕಿತ್ತು. ಇವರು ಮೊದಲು ಬೋರ್ಡ್ ಬದಲಾಯಿಸಿದರು. ನೌಕರರ ಹೊಂದಾಣಿಕೆಗೆ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ರಚನೆಯಾದದ್ದು 2011ರಲ್ಲಿ. ಅದೇ ವರ್ಷ ಸಮಾನ ಸಂಬಳ ಬೇಕು ಅಂತ ಒಂದು ಗುಂಪಿನ ಪೈಲಟ್‌ಗಳ ಮುಷ್ಕರ. ಮುಂದಿನ ವರ್ಷ ಬೋಯಿಂಗಿನ ಹೊಸ ವಿಮಾನ ಡ್ರೀಮ್‌ಲೈನರ್ ತರಬೇತಿ ತಮಗೇ ಬೇಕು ಅಂತ ಇನ್ನೊಂದು ಗುಂಪಿನದು, ಅದು 58 ದಿನ ನಡೆಯಿತು. ಪೈಲಟ್‌ಗಳೂ ಕಡಿಮೆ ಇಲ್ಲ ಬಿಡಿ. ಮುಳುಗುತ್ತಿರುವ ಕಂಪನಿಯಲ್ಲಿ ಅಷ್ಟು ದಿನ ಕೆಲಸ ನಿಲ್ಲಿಸಿದ್ದು ಯಾವ ನ್ಯಾಯಕ್ಕೂ ಹೊಂದೋದಿಲ್ಲ. ಆದರೆ ಜಗಳಕ್ಕೆ ಅಂಗಳ ಹಾಕಿಕೊಟ್ಟವರು ಮೇಲಿನವರೇ.

ಒಗ್ಗೂಡಿದ ಆ ಕಂಪನಿ ಆಮೇಲೆ ಒಂದು ವರ್ಷವೂ ನಿವ್ವಳ ಲಾಭ ನೋಡಲಿಲ್ಲ. 2012ರಲ್ಲಿ 30,231 ಕೋಟಿ ಕೊಡುವ ಪುನಶ್ಚೇತನ ಯೋಜನೆ ಬಂತು. ಬಂದ ದುಡ್ಡು ಬಡ್ಡಿಗೇ ಹೋಗುತ್ತಿತ್ತು. ಬಡ್ಡಿ ಕಟ್ಟೋಕ್ಕೆ ಹೊಸ ಸಾಲ. ಬ್ಯಾಂಕಿನಲ್ಲಿ ಇದಕ್ಕೆ ಎವರ್‌ಗ್ರೀನಿಂಗ್ ಅನ್ನುತ್ತಾರೆ. ಮ್ಯಾನೇಜರ್ ಇದನ್ನು ಮಾಡಿ ಸಿಕ್ಕಿಬಿದ್ದರೆ ಸಸ್ಪೆಂಡ್.

ಇನ್ನೊಂದು ವಿಷಯ, ಇದು ನೇರವಾಗಿ ನಿಮ್ಮ ಇಲಾಖೆಗೇ ಸಂಬಂಧಪಟ್ಟಿದ್ದು. 2009ರಿಂದ ಸರ್ಕಾರಿ ಕೆಲಸದ ಪ್ರಯಾಣ ಏರ್ ಇಂಡಿಯಾದಲ್ಲೇ ಆಗಬೇಕು ಅಂತ ನಿಯಮ ಇತ್ತು. ಟಿಕೆಟ್ ಉದ್ದರಿಯಲ್ಲಿ. ಗಣ್ಯರ ವಿಶೇಷ ವಿಮಾನಗಳ ಬಿಲ್ಲೂ ಸೇರಿ ನೂರಾರು ಕೋಟಿ ಬಾಕಿ ನಿಂತಿತ್ತು. ಟಾಟಾದವರಿಗೆ ಮಾರಾಟ ಪ್ರಕಟವಾದ ಅದೇ ತಿಂಗಳು ನಿಮ್ಮ ವೆಚ್ಚ ಇಲಾಖೆ ಒಂದು ಆದೇಶ ಹೊರಡಿಸಿತು. ಎಲ್ಲ ಇಲಾಖೆಗಳೂ ಏರ್ ಇಂಡಿಯಾದ ಬಾಕಿ ತಕ್ಷಣ ತೀರಿಸಬೇಕು, ಇನ್ನು ಮುಂದೆ ಟಿಕೆಟ್ಟನ್ನು ನಗದು ಕೊಟ್ಟೇ ಕೊಳ್ಳಬೇಕು. ಅಲ್ಲಾ ಮೇಡಂ, ಕಂಪನಿ ನಮ್ಮದಾಗಿದ್ದಾಗ ಈ ಆದೇಶ ಹೊರಡಿಸೋಕ್ಕೆ ಏನಾಗಿತ್ತು? ಬೇರೆಯವರ ಪಾಲಾದ ಮೇಲೆ ಬಾಕಿ ಕೊಡಬೇಕು ಅಂತ ನೆನಪಾಯಿತಾ? ಇಡೀ ಕಥೆಯಲ್ಲಿ ನನಗೆ ಜಾಸ್ತಿ ಸಿಟ್ಟು ತರಿಸಿದ್ದು ಈ ಒಂದು ಕಾಗದ. ಮೊತ್ತ ಸಣ್ಣದಿರಬಹುದು. ಮನಸ್ಸು ಎಂಥದ್ದು ಅಂತ ಅದು ಹೇಳುತ್ತದೆ.

ಕೋರ್ಟು, ಸಿಬಿಐ ಇವೆಯಲ್ಲ ಅಂತ ನೀವು ಕೇಳಬಹುದು. ಹೌದು. ಸುಪ್ರೀಂ ಕೋರ್ಟಿನ ನಿರ್ದೇಶನದ ನಂತರ 2017ರಲ್ಲಿ ಖರೀದಿ, ಗುತ್ತಿಗೆ, ವಿಲೀನದ ಬಗ್ಗೆ ಸಿಬಿಐ ಕೇಸು ದಾಖಲಿಸಿತು. ವಿಮಾನ ಗುತ್ತಿಗೆಯ ಕೇಸಿನಲ್ಲಿ 2024ರ ಮಾರ್ಚ್‌ನಲ್ಲಿ ಮುಕ್ತಾಯ ವರದಿ ಸಲ್ಲಿಸಿತು. ಯಾರೂ ಅಪರಾಧ ಮಾಡಿಲ್ಲ ಅಂತಲೇ ಇಟ್ಟುಕೊಳ್ಳೋಣ. ನನಗೆ ಯಾರನ್ನೂ ಜೈಲಿಗೆ ಕಳಿಸುವ ಆಸೆ ಇಲ್ಲ. ಅಪರಾಧ ಆಗದೆಯೂ ಕಂಪನಿ ಮುಳುಗಬಹುದು. ಹಾಗಾದರೆ ಯಾವ ನಿರ್ಧಾರದಿಂದ ಮುಳುಗಿತು ಅಂತ ಹೇಳೋದು ಇನ್ನೂ ಮುಖ್ಯ ಅಲ್ವಾ? ಪೊಲೀಸ್ ಕೆಲಸ ಮುಗಿದರೆ ಆಡಿಟ್ ಕೆಲಸ ಮುಗಿದಂತೆ ಅಲ್ಲ.

ತುಮಕೂರಿನವನಿಗೆ ಇದೆಲ್ಲ ಯಾಕೆ ಅಂತ ಕೇಳುವವರಿಗೆ ಒಂದು ಮಾತು. ಈ ಊರಿನಲ್ಲಿ ಎಚ್‌ಎಂಟಿ ಗಡಿಯಾರದ ಫ್ಯಾಕ್ಟರಿ ಇತ್ತು. ಏರ್ ಇಂಡಿಯಾ ರಾಷ್ಟ್ರೀಕರಣ ಆದ 1953ರಲ್ಲೇ ಎಚ್‌ಎಂಟಿ ಹುಟ್ಟಿದ್ದು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚ್ ಕೊಡದಿದ್ದರೆ ಬೀಗರ ಮುಖ ಊದಿಕೊಳ್ಳುತ್ತಿದ್ದ ಕಾಲ ಒಂದಿತ್ತು. ಫ್ಯಾಕ್ಟರಿ ಸೈರನ್ನಿಗೆ ಊರಿನ ಹೋಟೆಲುಗಳು ತುಂಬುತ್ತಿದ್ದವು. ಕ್ವಾರ್ಟ್ಜ್ ಕಾಲ ಬಂತು, 1984ರಲ್ಲಿ ಶುರುವಾದ ಟಾಟಾದವರ ಟೈಟನ್ ಮಾರುಕಟ್ಟೆ ಹಿಡಿಯಿತು. ಎಚ್‌ಎಂಟಿ ಕುಂಟುತ್ತಾ ಹೋಗಿ, 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಜಾಗ ಇಸ್ರೋಗೆ ಹೋಯಿತು. ಇಸ್ರೋ ಬಂದದ್ದು ಒಳ್ಳೇದೇ. ಆದರೆ ಎಚ್‌ಎಂಟಿ ಯಾಕೆ ಸೋತಿತು ಅಂತ ಅಲ್ಲಿ ದುಡಿದವರಿಗೆ ಯಾರೂ ಕೂರಿಸಿ ಹೇಳಲಿಲ್ಲ. ಪಕ್ಕದ ಕೋಲಾರದಲ್ಲಿ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗಲೂ ಇದೇ ಆಯಿತು.

ಅದೇ ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿಗೆ ಬನ್ನಿ. 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರುವರಿ 6ರಂದು ಪ್ರಧಾನಿಯವರೇ ಬಂದು ಉದ್ಘಾಟಿಸಿದರು. ಎಚ್‌ಎಎಲ್‌ನಲ್ಲಿ ಬಹುಪಾಲು ಷೇರು ಸರ್ಕಾರದ್ದೇ, ಲಾಭದಲ್ಲೂ ಇದೆ. ಅದಕ್ಕೆ ಗಿರಾಕಿಯೂ ಹೆಚ್ಚಾಗಿ ಸರ್ಕಾರವೇ ಅನ್ನೋದು ನಿಜ, ಅದನ್ನು ಮುಚ್ಚಿಡಬಾರದು. ಇನ್ನು ಖಾಸಗಿಯವರ ಕಡೆ ನೋಡಿದರೆ, ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತುಹೋಯಿತು. ಬ್ಯಾಂಕುಗಳಿಗೆ ಸುಮಾರು 9,000 ಕೋಟಿ ಬಾಕಿ. ಹೆಚ್ಚಿನವು ಸರ್ಕಾರಿ ಬ್ಯಾಂಕುಗಳೇ. ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ಅಂದರೆ ಮಾಲೀಕ ಯಾರು ಅನ್ನೋದರಿಂದ ಎಲ್ಲವೂ ತೀರ್ಮಾನ ಆಗೋದಿಲ್ಲ. ಸಾಲ ಮಂಜೂರು ಮಾಡಿದವನು ಮುಂದೆ ಉತ್ತರ ಕೊಡಬೇಕಾಗುತ್ತದಾ ಇಲ್ಲವಾ, ಅದರಿಂದ ಬಹಳಷ್ಟು ತೀರ್ಮಾನ ಆಗುತ್ತದೆ.

ಟಾಟಾದವರು ಹೇಗೆ ನಡೆಸುತ್ತಿದ್ದಾರೆ ಅನ್ನೋದು ಈ ಪತ್ರದ ವಿಷಯ ಅಲ್ಲ. 2023ರಲ್ಲಿ 470 ವಿಮಾನಕ್ಕೆ ಆರ್ಡರ್ ಕೊಟ್ಟರು, 2024ರ ನವೆಂಬರಿನಲ್ಲಿ ‘ವಿಸ್ತಾರ’ ವಿಮಾನ ಕಂಪನಿಯನ್ನು ಸೇರಿಸಿಕೊಂಡರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಅವರ ವಿಮಾನ ಬಿದ್ದು 260 ಜನ ಸತ್ತರು. ಆ ದುಃಖದ ಮೇಲೆ ವಾದ ಕಟ್ಟೋದು ನನಗೆ ಇಷ್ಟವಿಲ್ಲ. ಅವರ ಸಾಲ ಈಗ ಅವರದ್ದು. ನಾನು ಕೇಳುತ್ತಿರೋದು ನಮ್ಮದನ್ನು.

ಮಾರಾಟದ ದಿನ ಕಂಪನಿಯಲ್ಲಿ 12,085 ನೌಕರರಿದ್ದರು. ಅವರಿಗೆ ಒಂದು ವರ್ಷದ ಕೆಲಸದ ಭರವಸೆ ಸಿಕ್ಕಿತು. ಮುಂಬೈನ ಕಲೀನಾ, ದೆಹಲಿಯ ವಸಂತ ವಿಹಾರದ ಕಾಲೊನಿಗಳಿಂದ ಮನೆ ಖಾಲಿ ಮಾಡಿ ಅಂತ ನೋಟಿಸ್ ಬಂತು. ಚಕ್ರ ಬಿಚ್ಚಿ ಜೋಡಿಸುವ ಮೆಕ್ಯಾನಿಕ್, ಕೌಂಟರಿನ ಹುಡುಗಿ 111 ವಿಮಾನಕ್ಕೆ ಸಹಿ ಹಾಕಿರಲಿಲ್ಲ. ಖಾಲಿ ಮಾಡಿದ್ದು ಮಾತ್ರ ಅವರು. ಮುಂಬೈನ ನಾರಿಮನ್ ಪಾಯಿಂಟಿನ ಏರ್ ಇಂಡಿಯಾ ಕಟ್ಟಡವನ್ನು ಮಹಾರಾಷ್ಟ್ರ ಸರ್ಕಾರಕ್ಕೆ 1,601 ಕೋಟಿಗೆ ಕೊಟ್ಟಿರಿ. ಆ ದುಡ್ಡು ಸಾಲದ ಯಾವ ಸಾಲಿಗೆ ಜಮಾ ಆಯಿತು ಅಂತ ತೋರಿಸಿದರೆ ನಮಗೂ ಸಮಾಧಾನ.

ಹಾಗಾಗಿ ಮೇಡಂ, ಕೇಳುತ್ತಿರೋದು ಇಷ್ಟೇ. 2004ರಿಂದ 2022ರವರೆಗಿನ ಏರ್ ಇಂಡಿಯಾದ ಬಗ್ಗೆ ಒಂದು ಶ್ವೇತಪತ್ರವನ್ನು ಸಂಸತ್ತಿನಲ್ಲಿ ಮಂಡಿಸಿ. 28 ಇದ್ದದ್ದು 68 ಆಗುವಾಗ ಯಾವ ಸಭೆಯಲ್ಲಿ ಯಾರು ಏನು ಬರೆದರು, ಯಾರು ಬೇಡ ಅಂದರು ಅಂತ ಅದರಲ್ಲಿ ಇರಲಿ. ಬೇಡ ಅಂದವರಿದ್ದರೆ ಅವರ ಹೆಸರು ಮೊದಲು ಇರಲಿ, ಅಂಥವರಿಗೆ ಈ ದೇಶದಲ್ಲಿ ಯಾವತ್ತೂ ಹೆಸರು ಬರೋದಿಲ್ಲ. ಸಿಎಜಿ ವರದಿ, ಸಂಸತ್ ಸಮಿತಿಗಳ ವರದಿ ಬಿಡಿಬಿಡಿಯಾಗಿ ಇವೆ, ನಾನೂ ಕೆಲವು ಓದಿದ್ದೇನೆ. ಅವು ಅಧಿಕಾರಿಗಳಿಗೆ ಬರೆದವು, ಪಾವಗಡದವನಿಗೆ ಬರೆದವಲ್ಲ. ಅಸೆಟ್ಸ್ ಹೋಲ್ಡಿಂಗ್ ಕಂಪನಿಯ ಲೆಕ್ಕವನ್ನು ಪ್ರತಿ ವರ್ಷ ಬಜೆಟ್ ಭಾಷಣದಲ್ಲೇ ಎರಡು ಸಾಲಿನಲ್ಲಿ ಹೇಳಿ: ಇಷ್ಟು ಸಾಲ ತೀರಿತು, ಇಷ್ಟು ಜಮೀನು ಮಾರಿದೆವು, ಇಷ್ಟು ಬಾಕಿ. ಮುಂದೆ ಯಾವ ಸರ್ಕಾರಿ ಕಂಪನಿ ಮಾರಿದರೂ, ಮಾರಿದ ಬೆಲೆಯ ಪಕ್ಕದಲ್ಲೇ ಜನರ ತಲೆಯ ಮೇಲೆ ಉಳಿಯುವ ಸಾಲವನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸಿ.

ಈಗ ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬೇಕು ಅಂತ ಜಾಗ ನೋಡುತ್ತಿದ್ದಾರೆ. ನೆಲಮಂಗಲ–ಕುಣಿಗಲ್ ರಸ್ತೆಯ ಜಾಗವೂ ಪಟ್ಟಿಯಲ್ಲಿದೆ. ನಮ್ಮ ಜಿಲ್ಲೆಯ ಬಾಗಿಲಲ್ಲೇ. ಊರಿನ ಹುಡುಗರಿಗೆ ಖುಷಿ, ಸೈಟ್ ಬ್ರೋಕರ್‌ಗಳಿಗೆ ಇನ್ನೂ ಖುಷಿ. ಅಲ್ಲಿ ಯಾರ ವಿಮಾನ ಇಳಿದರೂ ಇಳಿಯಲಿ. ಸಾಲ ಎತ್ತುವ ದಿನ ಮಾತ್ರ ನಮಗೂ ಒಂದು ಮಾತು ತಿಳಿಸಿ.

ನನಗೆ ಪ್ರತ್ಯೇಕ ಉತ್ತರ ಬೇಡ. ಶ್ವೇತಪತ್ರ ಬಂದರೆ ಕನ್ನಡದಲ್ಲೂ ಅಚ್ಚು ಹಾಕಿಸಿ, ಒಂದು ಪ್ರತಿಯನ್ನು ತುಮಕೂರಿನ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕಳಿಸಿಕೊಡಿ. ಓದೋದಕ್ಕೆ ನಮ್ಮಲ್ಲಿ ಸಾಕಷ್ಟು ನಿವೃತ್ತರಿದ್ದೇವೆ, ಲೆಕ್ಕ ಗೊತ್ತಿರುವವರೇ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ
ತುಮಕೂರು